ಪುಂಡಿಪಲ್ಯದ ಮುಂದೆ ಅತ್ತ ಹುಡುಗ

ಚಿತ್ತಾಪುರದಲ್ಲಿ ಮಾಸ್ತರರಿಗೆ ಸನ್ಮಾನವಾದ ದಿನ ಮಾತಾಡಿದವರೆಲ್ಲ ಹೇಳಿದ್ದು ಒಂದೇ ಕಥೆ. ಹೈದರಾಬಾದಿಗೆ ಓದಲು ಹೋದ ನಮ್ಮ ಸೀಮೆಯ ಎಳೆಯ ಹುಡುಗರಿಗೆ ಮಾಸ್ತರರು ತಾಯಿಯಾದರು, ತಂದೆಯಾದರು. ಶಹಾಬಾದದ ಒಬ್ಬ ಹುಡುಗ ಮನೆ ನೆನೆದು ಕರಗಿ ಹೋಗುತ್ತಿದ್ದಾಗ ತಾವೇ ರೈಲಿನಲ್ಲಿ ಕರೆತಂದು, ತಂದೆಯ ಕೈಗೆ ಒಪ್ಪಿಸಿ, ಅವನ ಜೀವ ಉಳಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಜೀವ ಉಳಿಸಿದರು ಎನ್ನುವವರು ಜೀವ ಹೋಗುತ್ತಿತ್ತು ಎಂದು ಮೊದಲು ತೋರಿಸಬೇಕು. ಆ ಹುಡುಗ ನನ್ನ ಕೋಣೆಯಲ್ಲೇ ಇದ್ದವನು. ಅವನ ಜೀವ ಎಲ್ಲಿಗೂ ಹೊರಟಿರಲಿಲ್ಲ.

ಕಥೆ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚರ್ಚಾಸ್ಪರ್ಧೆಗೆ ತಯಾರಾಗುವಾಗ ನಮಗೆ ಕಲಿಸಿದ ಮೊದಲ ಪಾಠವೇ ಅದು: ಎದುರಿನವನ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಎತ್ತಿ ಅವನ ಕೈಗೇ ಕೊಡು, ಆಮೇಲೆ ಉಳಿದದ್ದನ್ನು ಹಿಡಿ.

ಹದಿನೆಂಟು ತುಂಬದವನನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳಬೇಕಾದರೆ ಅವನಿಗೊಬ್ಬ ಸರ್‌ಪರಸ್ತ ಇರಬೇಕಿತ್ತು. ತಂದೆ ಸೇಡಂನಲ್ಲೋ ಚಿಂಚೋಳಿಯಲ್ಲೋ ಇದ್ದರೆ ಸಾಲದು. ಜ್ವರ ಬಂದರೆ ಓಡಿ ಬರಲು, ರಜೆಗೆ ಒಪ್ಪಿಗೆ ಕೊಡಲು, ಹುಡುಗನ ಪರವಾಗಿ ಹೂಂ ಎನ್ನಲು ಹೈದರಾಬಾದಿನಲ್ಲೇ ಒಬ್ಬ ಹಿರಿಯ ಬೇಕು. ನಮ್ಮ ಕಡೆಯ ಹುಡುಗರಿಗೆಲ್ಲ ಆ ಹಿರಿಯರು ಮಾಸ್ತರರೇ. ಚಿತ್ತಾಪುರದ ಶಾಲೆಯಿಂದ ನಿವೃತ್ತರಾಗಿ, ಕಚೇರಿಯಲ್ಲಿ ನೌಕರಿಗಿದ್ದ ಮಗನ ಜೊತೆ ಹೈದರಾಬಾದಿನಲ್ಲಿ ನೆಲೆಸಿದ್ದರು. ವೈಷ್ಣವರು, ಮಡಿಯವರು. ಆದರೂ ಯಾವ ಮನೆಯ ಹುಡುಗನಿಗೂ ಒಲ್ಲೆ ಎಂದವರಲ್ಲ. ಆಗ ಅಲ್ಲಿ ವಾರದ ರಜೆ ಶುಕ್ರವಾರ. ಆ ದಿನ ನಾವೆಲ್ಲ ಅವರ ಪಡಸಾಲೆಯ ಪರಸಿಕಲ್ಲಿನ ನೆಲದ ಮೇಲೆ ಸಾಲಾಗಿ ಕುಳಿತು ಜೋಳದ ರೊಟ್ಟಿ ತಿಂದು ಬರುವುದು ರೂಢಿ.

ಯಾರಿಗೆ ಬದನೆಕಾಯಿ ಆಗದು, ಯಾರ ಕಾಲಿಗೆ ಚಪ್ಪಲಿ ಕಚ್ಚಿದೆ, ಯಾರ ಅಕ್ಕನ ಬಾಣಂತನ ಎಲ್ಲಿ, ಎಲ್ಲವೂ ಅವರಿಗೆ ಬಾಯಿಪಾಠ. ತಕರಾರು ಒಂದೇ. ಅವರು ಕೇಳಿದ ಪ್ರಶ್ನೆಗೆ ಅವರೇ ಉತ್ತರವನ್ನೂ ಕೊಟ್ಟುಬಿಡುತ್ತಿದ್ದರು.

"ಏನಪಾ, ಗಣಿತ ಹ್ಯಾಂಗ ನಡದದ? ಭಾಳ ತ್ರಾಸ ಆಗ್ಲಿಕತ್ತಿರಬೇಕು. ಆಗ್ತದ, ಆಗ್ತದ. ರೊಟ್ಟಿ ಹಾಕ್ರೇ ಇವಗ."

ತೆಂಗಳಿಯ ಹುಡುಗನೊಬ್ಬನಿಗೆ ಕಿವಿ ನೋವು ಬಂದಾಗ ಅವರೇ ಹಕೀಮರಲ್ಲಿಗೆ ಕರೆದೊಯ್ದರು. ಎಲ್ಲಿ ನೋವು ಎಂದು ಹಕೀಮರು ಕೇಳಿದ್ದು ಹುಡುಗನನ್ನು. "ಹೊಟ್ಟ್ಯಾಗ್ರಿ, ಮುಂಜಾನಿಂದ ಏನೂ ತಿಂದಿಲ್ಲ" ಎಂದವರು ಮಾಸ್ತರರು. ಹುಡುಗ ಕಿವಿ ಹಿಡಿದುಕೊಂಡೇ ಹೊಟ್ಟೆಯ ಔಷಧಿ ಕುಡಿದು ಬಂದ. ನಾವು ಬಿದ್ದು ಬಿದ್ದು ನಕ್ಕೆವು. "ನಮ್ಮ ಹೊಟ್ಟಿ ನಮಗಿಂತ ಮಾಸ್ತರ್‌ಗೆ ಚಲೋ ಗೊತ್ತಲೇ" ಎಂದು ವಾರವೆಲ್ಲ ಅವನನ್ನು ಕಾಡಿದೆವು.

ನಗೆ ನಿಂತದ್ದು ಪರೀಕ್ಷೆ ಹತ್ತಿರ ಬಂದ ಒಂದು ಶುಕ್ರವಾರ. ನನ್ನ ಕೋಣೆಯವನಿಗೆ ಆಗ ಹದಿನಾರು. ಅವನ ತಂದೆ ಶಹಾಬಾದದಲ್ಲಿ ಪರಸಿಕಲ್ಲಿಗೆ ಪಾಲಿಶ್ ಹಿಡಿಯುವವರು. ಆ ಮನೆಯಲ್ಲಿ ಶಾಲೆ ಮುಗಿಸಿದವರಲ್ಲಿ ಇವನೇ ಮೊದಲು. ಅವತ್ತು ಎಲೆಗೆ ಪುಂಡಿಪಲ್ಯ ಬಿತ್ತು, ನಮ್ಮ ಕಡೆಯ ಹುಳಿ ಸೊಪ್ಪಿನದು. ಒಂದು ತುತ್ತು ಬಾಯಿಗಿಟ್ಟವನು ಹಾಗೇ ಕುಳಿತ. ಕಣ್ಣೀರು ಗಲ್ಲದಿಂದ ಇಳಿದು ರೊಟ್ಟಿಯ ಮೇಲೆ ಬಿತ್ತು. ಮಾಸ್ತರರು ಕೈತೊಳೆದು ಎದ್ದು ಒಳಗೆ ಹೋದರು. "ಹುಡುಗ ಕರಗ್ಲಿಕತ್ತಾನ, ಕಣ್ಣ ಮುಂದೇ ಕರಗ್ಲಿಕತ್ತಾನ" ಎಂದು ಮಗನಿಗೆ ಹೇಳುವುದು ನಮಗೆಲ್ಲ ಕೇಳಿಸಿತು.

ಹಿಂದಿರುಗುವ ದಾರಿಯಲ್ಲಿ ನಾನು ಕೇಳಿದೆ. "ಯಾಕಲೇ ಅತ್ತಿ?"

"ನಮ್ಮವ್ವ ಥೇಟ್ ಹಿಂಗೇ ಮಾಡ್ತಾಳ."

"ಊರಿಗೆ ಹೋಗ್ಬೇಕಂತೀ ಏನು?"

"ನಿಂಗ ಹುಚ್ಚ ಹಿಡದದೇನು? ಪರೀಕ್ಷಾ ಬಂದಾವ. ಅಳೂದು ಬ್ಯಾರೆ, ಓದೂದು ಬ್ಯಾರೆ. ಅತಗೋತನೂ ಓದ್ಲಿಕ್ಕೆ ಬರ್ತದ."

ಅತ್ತುಕೊಂಡೂ ಓದಬಹುದು. ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ.

ಮರುದಿನವೇ ಮಾಸ್ತರರು ಕೋಟು ರುಮಾಲು ಹಾಕಿಕೊಂಡು ಕಾಲೇಜಿಗೆ ಬಂದರು. ಹದಿನೆಂಟರ ಒಳಗಿನವರ ಉಸ್ತುವಾರಿ ಒಬ್ಬ ವಯಸ್ಸಾದ ಪ್ರೊಫೆಸರರದು. ಹೈದರಾಬಾದಿನ ಹಳೆಯ ಮುಸ್ಲಿಂ ಮನೆತನದವರು, ವಿದ್ಯಾರ್ಥಿಯನ್ನೂ ಕೂರಿಸಿಯೇ ಮಾತಾಡಿಸುವವರು. ಅವರು ನನ್ನ ಕೋಣೆಯ ಗೆಳೆಯನನ್ನು ಕರೆಸಿದರು. ಕರೆಯದಿದ್ದರೂ ನಾನು ಹಿಂದೆಯೇ ಹೋದೆ. ಮಾತೆಲ್ಲ ನಡೆದದ್ದು ಉರ್ದುವಿನಲ್ಲಿ. ನನ್ನ ಕಿವಿಯಲ್ಲಿ ಅದು ಉಳಿದಿರುವುದು ನಮ್ಮ ಮಾತಿನಲ್ಲಿ.

ಹುಡುಗ ದಿನದಿನಕ್ಕೆ ಇಳಿಯುತ್ತಿದ್ದಾನೆ, ಮನೆಗೆ ಕರೆದೊಯ್ಯುತ್ತೇನೆ, ಪರೀಕ್ಷೆ ಮುಂದೆ ನೋಡಿಕೊಳ್ಳಬಹುದು ಎಂದರು ಮಾಸ್ತರರು. ಪ್ರೊಫೆಸರರು ಅವರ ಮಾತನ್ನು ಪೂರ್ತಿ ಕೇಳಿ, ಗೆಳೆಯನ ಕಡೆ ತಿರುಗಿದರು.

"ಬೇಟಾ, ನಿನಗೇನು ಬೇಕು?"

ಆ ವರ್ಷವೆಲ್ಲ ಯಾವ ಹಿರಿಯರೂ ಅವನನ್ನು ಹಾಗೆ ಕೇಳಿರಲಿಲ್ಲ. ಅವನು ಮಾಸ್ತರರ ಮುಖ ನೋಡಿದ. ನಮ್ಮ ಕಡೆ ಹಿರಿಯರು ಎದುರಿಗಿದ್ದರೆ ಹುಡುಗರು ಅವರ ಅಪ್ಪಣೆಯ ಕಣ್ಣು ನೋಡಿಯೇ ಬಾಯಿ ತೆರೆಯುವುದು. ಅದಕ್ಕೆ ಮರ್ಯಾದೆ ಎನ್ನುತ್ತೇವೆ. ಆ ನೋಟವನ್ನು ಮಾಸ್ತರರು ಬೇಡಿಕೆ ಎಂದುಕೊಂಡರು.

"ಮನೀಗೆ ಹೋಗ್ತೀನಿ ಅಂತಾನ್ರಿ ಸಾಹೇಬ್ರ. ಬಾಯಿಬಿಟ್ಟು ಹೇಳ್ಲಿಕ್ಕೆ ನಾಚಿಕಿ."

"ಇಲ್ರಿ!" ಎಂದೆ ನಾನು. "ಪರೀಕ್ಷಾ ಬರೀತೀನಿ ಅಂದಾನ. ನಿನ್ನೆ ನನ್ನ ಮುಂದ ಅಂದಾನ."

ಮಾಸ್ತರರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನಕ್ಕರು. "ಇಂವಗ ವಾದದ ಚಟ ಅದರಿ ಸಾಹೇಬ್ರ. ಹೊತ್ತು ಮೂಡೇದ ಅಂದ್ರ, ಸಾಬೀತು ಮಾಡ್ರಿ ಅಂತಾನ."

ಪ್ರೊಫೆಸರರೂ ನಕ್ಕರು. ನನ್ನ ವಯಸ್ಸು ಕೇಳಿದರು. ಹದಿನೇಳು ಎಂದೆ. ಹಾಗಾದರೆ ಅವನ ಪರವಾಗಿ ಮಾತಾಡಲು ನಿನಗೆ ಬರುವುದಿಲ್ಲ, ಸರ್‌ಪರಸ್ತರು ಮಾತಾಡಿದ್ದಾರಲ್ಲ ಎಂದು ಮೃದುವಾಗಿಯೇ ಹೇಳಿದರು. ಗೆಳೆಯನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಮಾಸ್ತರರು ಅವನ ಭುಜದ ಮೇಲೆ ಕೈಯಿಟ್ಟು "ನಡಿ, ಹಾಸಿಗಿ ಕಟ್ಟೂಣು" ಎಂದಿದ್ದರು. ನಮ್ಮ ಶುಕ್ರವಾರದ ಸಾಲಿನಲ್ಲಿ ಅವನಿಗಿಂತ ವಯಸ್ಸಿನಲ್ಲಿ ತುಸು ದೊಡ್ಡವರಿದ್ದರು, ಹೋಳಿಗೆಯ ವಾಸನೆಗೇ ಅಳುವವರು. ಹದಿನೆಂಟು ದಾಟಿದ್ದರಿಂದ ಅವರ ಕಣ್ಣೀರನ್ನು ಯಾರೂ ಓದಲು ಹೋಗಲಿಲ್ಲ. ಅವರೆಲ್ಲ ಪರೀಕ್ಷೆ ಬರೆದು ಪಾಸಾದರು.

ವಾಡಿ ಸ್ಟೇಶನ್ನಿನಲ್ಲಿ ನಡೆದದ್ದನ್ನು ಗೆಳೆಯನೇ ನನಗೆ ಆಮೇಲೆ ಹೇಳಿದ. ಮಾಸ್ತರರು ಕಳಿಸಿದ ತಂತಿ ಕಂಡು ಗಾಬರಿಯಾಗಿ ತಂದೆ ಕೆಲಸದ ಜಾಗದಿಂದಲೇ ಬಂದಿದ್ದರು, ಹುಬ್ಬಿನಲ್ಲಿ ಇನ್ನೂ ಕಲ್ಲಿನ ಹುಡಿ.

"ಏನಾಗ್ಯದ್ರಿ ಮಾಸ್ತರ್ ನನ್ನ ಮಗಗ?"

"ಏನೂ ಆಗಿಲ್ಲಪಾ. ಆಗೂಕಿಂತ ಮೊದ್ಲ ಕರಕೊಂಡ ಬಂದೀನಿ."

ಈ ಮಾತನ್ನು ಸುಳ್ಳೆಂದು ತೋರಿಸಲು ದಾರಿಯೇ ಇಲ್ಲ, ಗಮನಿಸಿ. ಆಗದ್ದನ್ನು ತಡೆದೆ ಎನ್ನುವವನ ಮುಂದೆ ಯಾವ ಸಾಕ್ಷಿ ನಿಂತೀತು? ತಂದೆ ಅಲ್ಲೇ, ಪ್ಲಾಟ್‌ಫಾರಂ ಮೇಲೆ, ಅವರ ಕಾಲಿಗೆ ಬಿದ್ದರಂತೆ. "ಅಪ್ಪನೇ ಬಿದ್ದ ಮ್ಯಾಲ ನಾ ಏನ್ ಮಾಡ್ಲೋ? ನಾನೂ ಬಿದ್ದೆ" ಎಂದು ಗೆಳೆಯ ನಕ್ಕಿದ್ದ.

ಮುಂದಿನ ವರ್ಷ ತಂದೆ ಮತ್ತೆ ಕಳಿಸಲು ತಯಾರಿದ್ದರು. ಮಾಸ್ತರರು ಸರ್‌ಪರಸ್ತರಾಗಲು ಒಪ್ಪಲಿಲ್ಲ. "ಎಳೀ ಜೀವ. ನಾಳೆ ಏನರೆ ಆದ್ರ ನಾ ಯಾರಿಗೆ ಮುಖ ತೋರಿಸ್ಲಿ? ಹದಿನೆಂಟು ತುಂಬ್ಲಿ, ನೋಡೂಣು." ಅವರು ಒಲ್ಲೆ ಎಂದ ಹುಡುಗನಿಗೆ ನಮ್ಮ ಕಡೆಯ ಬೇರಾರೂ ನಿಲ್ಲಲಿಲ್ಲ. ಮಾಸ್ತರರೇ ಕೈಬಿಟ್ಟಿದ್ದಾರೆಂದರೆ ಏನೋ ಇರಬೇಕು ಎಂದರು. ಅವನಿಗೆ ಹದಿನೆಂಟು ತುಂಬುವ ಹೊತ್ತಿಗೆ ಕಲ್ಲಿನ ಹುಡಿ ತಂದೆಯ ಎದೆಯನ್ನು ತಿಂದಿತ್ತು, ಮನೆ ಅವನ ಮೇಲೆ ನಿಂತಿತ್ತು. ಈಗ ಅವನು ಅದೇ ಜಾಗದಲ್ಲಿ ಪರಸಿಗೆ ಪಾಲಿಶ್ ಹಿಡಿಯುತ್ತಾನೆ. ಕೆಟ್ಟವರ ಕೈಯಲ್ಲಿ ಹಾಳಾಗಿದ್ದರೆ ಅವನ ಪರವಾಗಿ ಊರಾದರೂ ಬೈಯುತ್ತಿತ್ತು.

ಸನ್ಮಾನ ಮುಗಿದ ಮೇಲೆ ಶಾಲೆಯ ಕೋಣೆಯಲ್ಲಿ ಚಹ ಕೊಟ್ಟರು. ಗೆಳೆಯನೂ ಬಂದಿದ್ದ, ಮಾಸ್ತರರಿಗೆ ಹಾರ ಹಾಕಲು ಅವನನ್ನೇ ಕರೆಸಿದ್ದರು. ಉಳಿಸಿದ ಜೀವವನ್ನು ಸಭೆಗೆ ತೋರಿಸಬೇಕಲ್ಲ. ಮಾಸ್ತರರು ನಮ್ಮಿಬ್ಬರನ್ನೂ ಪಕ್ಕಕ್ಕೆ ಕೂರಿಸಿಕೊಂಡರು.

"ಸಕ್ಕರಿ ಹೆಚ್ಚ ಬೇಕೇನ್ರಿ?" ಎಂದು ಚಹ ಕೊಡುವವನು ಗೆಳೆಯನನ್ನು ಕೇಳಿದ.

"ಬ್ಯಾಡ, ಇಂವ ಸಕ್ಕರಿ ಕಮ್ಮಿ ತೊಗೋತಾನ" ಎಂದರು ಮಾಸ್ತರರು. ಗೆಳೆಯ ಬಟ್ಟಲು ತೆಗೆದುಕೊಂಡ. ಆಮೇಲೆ ಅವರು ನನ್ನ ಕಡೆ ತಿರುಗಿದರು. "ಏನೋ ವಕೀಲಾ, ಎಲ್ಲಾರೂ ಮಾತಾಡಿದ್ರು, ನೀ ಯಾಕ ಬಾಯಿ ಬಿಡ್ಲಿಲ್ಲ? ವಾದ ಮಾಡ್ಲಿಕ್ಕೆ ಏನೂ ಸಿಗ್ಲಿಲ್ಲೇನು?"

"ವಾದ ಇಲ್ರಿ. ಒಂದ ಸವಾಲ್ ಅದ."

"ಕೇಳು, ಕೇಳು."

ಗೆಳೆಯ ಬಟ್ಟಲನ್ನು ಕೆಳಗಿಟ್ಟ. ನಾನು ಕೇಳಿದೆ:

"ನಿಮಗ ನಮ್ಮವೆಲ್ಲಾ ನೆನಪ ಅವರಿ. ಯಾರಿಗೆ ಬದನೀಕಾಯಿ ಆಗಂಗಿಲ್ಲ, ಯಾರ ಚಪ್ಪಲಿ ಕಚ್ಚತಿತ್ತು, ಎಲ್ಲಾ. ಇಂವ ನಿಮ್ಮ ಕೈಯಾಗಿದ್ದ ಅಷ್ಟೂ ದಿವಸದಾಗ, ಮನೀಗೆ ಹೋಗ್ತೀನಿ ಅನ್ನೂ ಮಾತು ಇವನ ಬಾಯಿಂದ, ಇವನ ಸ್ವಂತ ಬಾಯಿಂದ, ನೀವು ಯಾವತ್ತರೆ ಕೇಳೀರೇನ್ರಿ?"