ಫೋರ್‌ಮನ್ನರ ಕೆಂಪು ಟ್ರಾಕ್ಟರ್

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಬುಸೈತೀನಿನ ನಮ್ಮ ಫ್ಲ್ಯಾಟಿನಲ್ಲಿ, ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಬಳಿಯಿದ್ದ ತೆಂಗಿನೆಣ್ಣೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಜನವರಿಯ ಚಳಿ. ನನಗೆ ನಗು ತಡೆಯಲಿಲ್ಲ. "ಎಂತ, ಒಬ್ಬರೇ ನಗಾಡುದು?" ಎಂದಳು ಹೆಂಡತಿ. ಬಾಟಲಿಯನ್ನು ಅವಳ ಕೈಗಿಟ್ಟು ಹೇಳತೊಡಗಿದೆ...

ಎಷ್ಟೋ ವರ್ಷದ ಹಿಂದೆ ಇಂಥದೇ ಚಳಿಯ ಒಂದು ಶುಕ್ರವಾರ, ಬುದೈಯಾ ಕಡೆಯ ಖರ್ಜೂರದ ತೋಟದಲ್ಲಿ ನಾವು ನಾಲ್ವರಿದ್ದೆವು. ತೋಟದ ಯಜಮಾನರಾದ ಅರಬರು, ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು, ಅದ್ಲಿಯಾದ ಹೋಟೆಲಿನಲ್ಲಿ ಅಡುಗೆಗಿದ್ದ ನಮ್ಮೂರ ಭಟ್ಟರು, ನಾನು, ಮತ್ತೆ ಸಿತ್ರಾದ ವರ್ಕ್‌ಶಾಪಿನ ಫೋರ್‌ಮನ್ನರು.

ವಾರವಿಡೀ ಲಾರಿ, ಕ್ರೇನುಗಳ ಹೊಟ್ಟೆಯೊಳಗೆ ಕೈಹಾಕಿ ಬಂದವರು ರಜೆಯ ದಿನವಾದರೂ ಮಲಗಬೇಡವೇ? ಫೋರ್‌ಮನ್ನರಿಗೆ ಹಳೆಯ ಟ್ರಾಕ್ಟರೆಂದರೆ ಹುಚ್ಚು. ಅರ್ಬಾಬರ ತಂದೆ ಉಳುತ್ತಿದ್ದ ಕೆಂಪು ಟ್ರಾಕ್ಟರ್ ಅದು, ಹ್ಯಾಂಡಲ್ ತಿರುಗಿಸಿ ಎಬ್ಬಿಸುವ ಕಾಲದ್ದು. ಉಪ್ಪುಗಾಳಿಗೆ ಪಿಸ್ಟನ್‌ಗಳು ಸಿಲಿಂಡರಿಗೆ ಅಂಟಿಕೊಂಡುಬಿಟ್ಟಿದ್ದವು. ತೋಟವೋ ಮಾರಾಟವಾಗಿತ್ತು. ಈದ್ ಕಳೆದದ್ದೇ ಬುಲ್ಡೋಜರ್ ಬರುವುದಿತ್ತು. ಅಷ್ಟರೊಳಗೆ ಟ್ರಾಕ್ಟರ್ ತಾನಾಗಿ ಓಡಿ ಗೇಟು ದಾಟಿದರೆ ಅರ್ಬಾಬರ ಹೊಸ ಮನೆಗೆ, ಇಲ್ಲವಾದರೆ ಗುಜರಿಗೆ. "ಹೆಣ ಹೊತ್ತು ತಂದು ಅಂಗಳದಲ್ಲಿ ಇಡಲಾರೆ" ಎಂದಿದ್ದರು ಅರ್ಬಾಬ್.

ಅವರಿಗೆ ತಾಳ್ಮೆ ಕಡಿಮೆ. ಒಮ್ಮೆ ಹಗ್ಗ ಕಟ್ಟಿ, ಜೀಪಿನಿಂದ ಎಳೆದೇ ಎಂಜಿನ್ ತಿರುಗಿಸುತ್ತೇನೆಂದು ಹೊರಟರು. ಫೋರ್‌ಮನ್ನರು ಟ್ರಾಕ್ಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. "ಅರ್ಬಾಬ್, ಪೆಹಲೇ ಮೇರೇ ಊಪರ್ ಸೇ ಜಾವೋ!" ಮೊದಲು ನನ್ನ ಮೇಲೆ ಹತ್ತಿಸಿ ಎಂದು. ಅರ್ಬಾಬ್ ನಗುತ್ತ ಹಗ್ಗ ಬಿಚ್ಚಿದರು.

ಬಲ ಹಾಕಿದರೆ ಒಳಗಿನದು ಮುರಿಯುತ್ತದೆ, ಎಣ್ಣೆ ಎರೆದು ಕಾಯಬೇಕು. ಅದು ಫೋರ್‌ಮನ್ನರ ಕ್ರಮ. ಎಂಜಿನ್ನಿನ ಮೇಲ್ಭಾಗ ಬಿಚ್ಚಿಟ್ಟಿದ್ದರು. ವಾರವಾರವೂ ಸಿಲಿಂಡರುಗಳಿಗೆ ಎಣ್ಣೆ ಎರೆದು, ಹ್ಯಾಂಡಲಿಗೆ ಕೈಯಿಟ್ಟು ಅಲುಗೀತೇ ಎಂದು ನೋಡಿ, ಅಲುಗದಿದ್ದರೆ ಬಟ್ಟೆ ಮುಚ್ಚಿ ಏಳುತ್ತಿದ್ದರು. ಸಿಟ್ಟಿಲ್ಲ, ಬೇಸರವಿಲ್ಲ... ಅಂಥ ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ಕಾಣಲಿಲ್ಲ.

ಒಂದು ವಾರ ಅವರಿಗೆ ಓವರ್‌ಟೈಮ್ ಬಿತ್ತು. ಎಣ್ಣೆ ಎರೆಯುವ ಕೆಲಸ ಭಟ್ಟರ ಪಾಲಿಗೆ ಬಂತು. "ತೆಂಗಿನೆಣ್ಣೆಗಿಂತ ಒಳ್ಳೇದು ಯಾವುದುಂಟು?" ಎಂದು ಭಟ್ಟರು ಊರಿಂದ ತಂದದ್ದನ್ನೇ ಧಾರಾಳವಾಗಿ ಸುರಿದರು. ಮರುವಾರ, ಅಂದರೆ ಮೊದಲು ಹೇಳಿದ ಆ ಚಳಿಯ ಶುಕ್ರವಾರ, ಬಟ್ಟೆ ತೆಗೆದರೆ ಸಿಲಿಂಡರುಗಳ ತುಂಬ ತುಪ್ಪದ ಹಾಗೆ ಗಟ್ಟಿ ಎಣ್ಣೆ! ಈದಿಗೆ ಉಳಿದದ್ದು ಇನ್ನೊಂದೇ ವಾರ. ಭಟ್ಟರ ಮುಖ ಬಾಡಿತು.

ಫೋರ್‌ಮನ್ನರು ಬಗ್ಗಿ ಮೂಸಿದರು. "ಭಟ್ರೇ, ಇನ್ನು ಸಾಸಿವೆ, ಕರಿಬೇವು ಮಾತ್ರ ಬಾಕಿ, ಅಲ್ವಾ?"

"ಬೈದುಬಿಡಿ ಮಾರಾಯ್ರೆ, ತಮಾಷೆ ಮಾಡ್ಬೇಡಿ."

"ಬೈದ್ರೆ ಎಣ್ಣೆ ಕರಗ್ತದಾ? ದೊಡ್ಡ ಪಾತ್ರೆ ತನ್ನಿ, ನೀರು ಕಾಯಿಸುವ."

ಎಣ್ಣೆ ಕರಗಲೆಂದು, ಎಂಜಿನ್ನನ್ನು ತಂಪಾಗಿಡುವ ನೀರಿನ ದಾರಿಗೆ ಬಿಸಿನೀರು ಎರೆದೆವು. ಆರಿದ್ದನ್ನು ಬಸಿದು ಮತ್ತೆ ಎರೆದೆವು. ಸುತ್ತೆಲ್ಲ ಅಭ್ಯಂಜನದ ದಿನದ ಪರಿಮಳ. ಎಣ್ಣೆ ಕರಗಿತು, ಕಬ್ಬಿಣವೂ ಕಾದು ಹಿಗ್ಗಿತು. ಫೋರ್‌ಮನ್ನರು ಹ್ಯಾಂಡಲಿಗೆ ಕೈಯಿಟ್ಟು ಕಣ್ಣು ಮುಚ್ಚಿದರು. 

"ಬಂತು," ಎಂದರು ಮೆಲ್ಲಗೆ.

ಬಂದದ್ದು ಕೂದಲೆಳೆಯಷ್ಟು. ಅಷ್ಟು ಸಾಕಾಗಿತ್ತು. "ಇದು ಭಟ್ರ ಮದ್ದು" ಎಂದು ಅರ್ಬಾಬರಿಗೆ ಹೇಳಿ ಮೆಚ್ಚುಗೆಯನ್ನೆಲ್ಲ ಭಟ್ಟರ ಕಡೆಗೆ ತಿರುಗಿಸಿದರು. ಆ ವಾರ ದಿನಾ ಸಂಜೆ ಡ್ಯೂಟಿ ಮುಗಿಸಿ ಬಂದು ಎಲ್ಲ ಜೋಡಿಸಿದರು. ಈದಿನ ಹಿಂದಿನ ದಿನ ಟ್ರಾಕ್ಟರ್ ಗೇಟು ದಾಟಿತು. ಸೀಟಿನಲ್ಲಿ ಅರ್ಬಾಬ್, ಪಕ್ಕದಲ್ಲಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಡೆಯುತ್ತಿದ್ದ ಫೋರ್‌ಮನ್ನರು... ಆ ನಡಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು. ಕಳೆದ ತಿಂಗಳು ತೀರಿಕೊಂಡರು ಎಂದು ಫೋನ್ ಬಂತು. ನಾನೂ ಭಟ್ಟರೂ ಅರ್ಬಾಬರ ಮನೆಗೆ ಹೋಗಿ ತಿಳಿಸಿದೆವು.  ಮುದುಕರು ಎದ್ದು ಅಂಗಳಕ್ಕೆ ಹೋಗಿ ಟ್ರಾಕ್ಟರಿನ ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಏಳಲಿಲ್ಲ.

ಕಳೆದ ಶುಕ್ರವಾರ ನಾವಿಬ್ಬರೂ ಮತ್ತೆ ಹೋಗಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಎದ್ದಿತು. ಅರ್ಬಾಬ್ ತುಂಬ ಹೊತ್ತು ಅದನ್ನು ಆರಿಸಲಿಲ್ಲ.