ಅಣ್ಣನ ವ್ಯಾನಿನ ಆಯಿಲ್ ಬದಲಿಸಿದವರು ಯಾರು?

ಸತ್ತವರು ಬಂದು ಹೋದರು, ಬಾಗಿಲು ಬಡಿದರು, ಹೆಸರು ಹಿಡಿದು ಕೂಗಿದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಎದುರಾಡುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಸಂಶಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ. ಬೆಲ್ಟು ಹರಿದಿರುತ್ತದೆ, ಬೇರಿಂಗು ಹೋಗಿರುತ್ತದೆ, ಇಲ್ಲವೆ ಕರೆಂಟೇ ಇರುವುದಿಲ್ಲ. ಹುಡುಕಿದರೆ ಸಿಗುತ್ತದೆ. ಈಗ ಬರೆಯುತ್ತಿರುವ ಸಂಗತಿಗೂ ನಾನು ಕಾರಣ ಹುಡುಕಿದ್ದೇನೆ. ಒಂದಲ್ಲ, ಎರಡು ಸಿಕ್ಕಿವೆ. ಎರಡನ್ನೂ ನಂಬಲು ಆಗುತ್ತಿಲ್ಲ.

ನನ್ನ ಅಣ್ಣ ಫಕ್ಕೀರೇಶ ವ್ಯಾನು ಓಡಿಸುತ್ತಿದ್ದ. ಎತ್ತರದ ಛತ್ತಿನ, ಹದಿನಾರು ಸೀಟಿನ ದೊಡ್ಡ ಡೀಸೆಲ್ ವ್ಯಾನು. ಹುಬ್ಬಳ್ಳಿಯಲ್ಲಿ ಯಾರೋ ಏಳು ವರ್ಷ ಓಡಿಸಿ ಸಾಕೆಂದು ಬಿಟ್ಟದ್ದನ್ನು ತಂದು, ತಾನು ಹನ್ನೊಂದು ವರ್ಷ ಓಡಿಸಿದ. ಹತ್ತಿ ಬಿಡಿಸಲು ನವಲಗುಂದದ ಕಡೆ ಹೋಗುವ ಹೆಣ್ಣುಮಕ್ಕಳು, ಮದುವೆಯ ಮಂದಿ, ಆಸ್ಪತ್ರೆಗೆ ಹೋಗುವವರು ಎಲ್ಲರೂ ಅದರಲ್ಲೇ. ಅಂಥ ಗಾಡಿ ಇಟ್ಟುಕೊಂಡವರಿಗೆ ಅದರ ಕಷ್ಟ ಗೊತ್ತು. ನಮ್ಮ ಎರೆ ಮಣ್ಣು ಜಾರುವ ಬಾಗಿಲಿನ ಹಳಿಯಲ್ಲಿ ಸೇರಿ ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿ. ಹಳ್ಳಿಯ ದಾರಿಗೆ ಹಿಂದಿನ ಸ್ಪ್ರಿಂಗಿನ ಪಾಟಾ ಸೀಳುತ್ತದೆ. ಚಳಿಗಾಲದ ಬೆಳಿಗ್ಗೆ ಸೆಲ್ಫು ಹಟ ಹಿಡಿಯುತ್ತದೆ. ಆದರೂ ಹನ್ನೊಂದು ವರ್ಷದಲ್ಲಿ ಅದು ನಡುದಾರಿಯಲ್ಲಿ ಕೈಕೊಟ್ಟದ್ದು ಎರಡೇ ಸಲ. ಅಣ್ಣ ಆಯಿಲ್ ವಿಷಯದಲ್ಲಿ ಒಂದು ದಿನವೂ ಸಡಿಲ ಬಿಟ್ಟವನಲ್ಲ.

ಹಳೆಯ ಆಯಿಲ್ ಇಳಿಸಲು ಇಂಜಿನ್ನಿನ ತಳದಲ್ಲಿ ಒಂದು ಬೋಲ್ಟ್ ಇರುತ್ತದೆ. ಅಣ್ಣನ ವ್ಯಾನಿನಲ್ಲಿ ಅದು ಸವೆದಿತ್ತು. ಹೊಸದು ಹಾಕಿಸುವ ಬದಲು ಅವನು ಕಿಸೆಯಿಂದ ಒಂದು ಚೂರು ಹತ್ತಿ ತೆಗೆದು, ಬೆರಳಲ್ಲೇ ಹೊಸೆದು, ಬೋಲ್ಟಿಗೆ ಸುತ್ತಿ ಬಿಗಿ ಮಾಡುತ್ತಿದ್ದ. ಹತ್ತಿ ಬಿಡಿಸುವವರನ್ನು ದಿನಾ ಕರೆದೊಯ್ಯುವವನ ಕಿಸೆಯಲ್ಲಿ ಹತ್ತಿಗೆ ಬರವಿರಲಿಲ್ಲ. ಅವನು ಎಡಗೈಯವ, ನಮ್ಮ ಕಡೆ ಹೇಳುವಂತೆ ರೊಡ್ಡ. ಹೀಗಾಗಿ ಸುತ್ತು ಯಾವಾಗಲೂ ಉಲ್ಟಾ ಬೀಳುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿರುವ ದಾವಲಸಾಬ್ ಕಾಕಾ ಇದನ್ನು ಕಂಡಾಗಲೆಲ್ಲ ಬೈಯುತ್ತಿದ್ದರು.

"ಲೇ ರೊಡ್ಡಾ, ಬೋಲ್ಟ್ ಬಲಕ್ಕ ತಿರಗತೈತಿ, ನೀ ಹತ್ತಿ ಎಡಕ್ಕ ಸುತ್ತತಿ. ಬಿಗಿ ಮಾಡಿದಂಗ ಬಿಚಗೊಂತ ಹೊಕ್ಕೈತಿ. ಅದಕ್ಕ ನಿನ್ನ ಗಾಡಿ ನಿಂತಲ್ಲೆಲ್ಲಾ ಒಂದ್ ಹನಿ ಬಿಟ್ಟ ಬರತೈತಿ."

"ಬಿಡ್ಲಿ ಬಿಡ ಕಾಕಾ. ಸಣ್ಣ ಕೂಸದು, ಹಾಸಿಗ್ಯಾಗ ಉಚ್ಚಿ ಹೊಯ್ಕೊಂತೈತಿ," ಎಂದು ಅಣ್ಣ ನಗುತ್ತಿದ್ದ.

ಮೂರು ವರ್ಷದ ಹಿಂದೆ, ಯುಗಾದಿಗೆ ಮುಂಚಿನ ಒಂದು ಶನಿವಾರ ಅವನು ಗಿರಣಿಗೆ ಬಂದ. ಅದು ಖಾರ ಕುಟ್ಟಿಸುವ ಕಾಲ. ಮೆಣಸಿನಕಾಯಿ ಚೀಲ ಇಟ್ಟುಕೊಂಡು ಹೆಣ್ಣುಮಕ್ಕಳು ರಸ್ತೆಯವರೆಗೆ ಪಾಳಿ ಹಚ್ಚಿದ್ದರು. ಅಣ್ಣ ಬಾಗಿಲಲ್ಲೇ ನಿಂತು ನಾಲ್ಕು ಸೀನು ಸೀನಿದ.

"ತಮ್ಮಾ, ಒಂದ್ ತಾಸ ಬಾರೋ. ಆಯಿಲ್ ಅಗದಿ ಡಾಂಬರ ಆಗೈತಿ. ಗಾಡಿ ಕೆಳಗ ಮಕ್ಕೊಂಡ್ರ ಯಾಕೋ ಎದಿ ಹಿಡದಂಗ ಆಗತೈತಿ. ನೀ ಬೋಲ್ಟ್ ಬಿಚ್ಚಿಕೊಡು, ಉಳದದ್ದ ನಾ ಮಾಡ್ಕೊಂತೇನಿ."

"ಈ ಪಾಳಿ ನೋಡೋ ಅಣ್ಣಾ. ನಾಳೆ ಮಾಡೂಣು."

ಪಾಳಿಯಲ್ಲಿದ್ದ ಒಬ್ಬಾಕೆ, "ನಮ್ಮ ಖಾರ ಬಿಟ್ಟು ಗಾಡಿ ಕೆಳಗ ಹೊಕ್ಕರ ನಿಮ್ಮಿಬ್ಬರನೂ ಇದರಾಗ ಹಾಕಿ ಕುಟ್ಟತೇವಿ ನೋಡ್ರಿ," ಎಂದಳು. ಎಲ್ಲರೂ ನಕ್ಕರು. ಅಣ್ಣನೂ ನಕ್ಕು, "ಆತು, ನಾಳೆನ ಆತು," ಎಂದು ಹೋದ. ಅವನಿಗೆಂದೇ ನಾನು ಹುಬ್ಬಳ್ಳಿಯಿಂದ ತಂದಿದ್ದ ಹೊಸ ಆಯಿಲ್ ಡಬ್ಬಿ ಗಿರಣಿಯ ಮೂಲೆಯಲ್ಲೇ ಉಳಿಯಿತು.

ಮರುದಿನ ನಸುಕಿನಲ್ಲಿ ಅಣ್ಣ ತೀರಿಕೊಂಡ. ಎದೆನೋವು ಎಂದು ಎದ್ದು ಕೂತವನು, ಅವನ ಹೆಂಡತಿ, ನಮ್ಮ ವೈನಿ, ನೀರು ತರುವಷ್ಟರಲ್ಲಿ ಇರಲಿಲ್ಲ. ಎದೆ ಹಿಡಿದ ಹಾಗೆ ಆಗುತ್ತದೆ ಎಂದು ಅವನು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಖಾರದ ಘಾಟಿಗೆ ಇರಬೇಕು ಎಂದುಕೊಂಡಿದ್ದೆ.

ಮೂರನೆಯ ದಿನ ದಾವಲಸಾಬ್ ಕಾಕಾ ಬಂದು, ನಿಂತ ಗಾಡಿಯಲ್ಲಿ ಬ್ಯಾಟರಿ ಇರಬಾರದೆಂದು ಅದನ್ನು ಬಿಚ್ಚಿಕೊಂಡು ಹೋದರು. ಸಂಜೆ ಅವರು ಕೀಲಿಕೈ ತಂದುಕೊಟ್ಟ ಮೇಲೆ ನಾನು ವ್ಯಾನಿಗೆ ತಾಡಪಾಲು ಹೊದಿಸಿ ಹಗ್ಗ ಬಿಗಿದೆ. ಅದು ಅಣ್ಣನ ಮನೆಯ ಹಿತ್ತಲಿನಲ್ಲಿ ಹನ್ನೊಂದು ತಿಂಗಳು ಹಾಗೇ ನಿಂತಿತು. ಅಷ್ಟೂ ದಿನ ನಾನು ವೈನಿಯನ್ನು ಮಾತಾಡಿಸಲು ಹೋಗುತ್ತಿದ್ದೆ, ಹಿತ್ತಲಿಗೆ ಮಾತ್ರ ಕಾಲಿಡಲಿಲ್ಲ.

ಕೊನೆಗೆ ವೈನಿಯೇ ಮಾತು ತೆಗೆದರು. "ಇಲಿ ವೈರ್ ಕಡ್ಯಾಕ ಹತ್ಯಾವಂತ. ಟಾಯರ್ ಸೀಳತಾವಂತ. ಹಿಂಗ ನಿಂತ ಸಾಯೂದಕ್ಕಿಂತ ಯಾರರ ಓಡಸಲಿ. ಕೊಟ್ಟಬಿಡೂಣು." ಅಳ್ನಾವರದವರೊಬ್ಬರು ಭಾನುವಾರ ನೋಡಲು ಬರುವುದೆಂದಾಯಿತು. ನಾನು ಒಂದೇ ಒಂದು ಕೇಳಿಕೊಂಡೆ. ಅವರು ಬರುವ ಮೊದಲು ಆಯಿಲ್ ಬದಲಿಸಬೇಕು, ಅದನ್ನು ನಾನೇ ಮಾಡಬೇಕು, ಯಾರೂ ಕೈ ಹಚ್ಚಬಾರದು. ಅಣ್ಣ ನನ್ನನ್ನು ಕೊನೆಯದಾಗಿ ಕರೆದದ್ದು ಆ ಒಂದು ಕೆಲಸಕ್ಕೆ. ಅದೊಂದನ್ನು ಮಾಡಿ ಮುಗಿಸಿದರೆ ನನ್ನ ಎದೆಯ ಮೇಲಿನದು ಸ್ವಲ್ಪವಾದರೂ ಇಳಿಯಬಹುದು ಎಂದು ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ತಾಡಪಾಲು ತೆಗೆದೆ. ಬಿಸಿಲು ಚೆನ್ನಾಗಿತ್ತು. ನಾನು ಕಟ್ಟಿದ ಗಂಟುಗಳು ಕಟ್ಟಿದ ಹಾಗೇ ಇದ್ದವು. ಬಿಚ್ಚಲು ಬಾರದೆ ಎರಡನ್ನು ಕುಡಗೋಲಿನಿಂದ ಕೊಯ್ದೆ. ಗೋಣಿಚೀಲ ಹಾಸಿ ವ್ಯಾನಿನ ಕೆಳಗೆ ಸರಿದು, ತಗಡಿನ ಬುಟ್ಟಿಯಿಟ್ಟು, ಪಾನಾ ಹಾಕಿ ಬೋಲ್ಟ್ ಸಡಿಲಿಸಿದೆ. ಕಡೆಯ ಎರಡು ಸುತ್ತು ಬೆರಳಲ್ಲೇ ತಿರುಗಿಸಿದೆ. ಬೋಲ್ಟ್ ಕೈಗೆ ಬಂತು, ಅದರ ಹಿಂದೆ ಆಯಿಲ್ ನನ್ನ ಮುಂಗೈ ಮೇಲೆ ಹರಿಯಿತು.

ಕಪ್ಪಾಗಿರಲಿಲ್ಲ. ಜೇನಿನ ಬಣ್ಣವಿತ್ತು. ಅದರೊಳಗಿಂದ ನನ್ನ ಮುಂಗೈಯ ಕೂದಲು ಕಾಣುತ್ತಿದ್ದವು.

ಡೀಸೆಲ್ ಗಾಡಿಯ ಆಯಿಲ್ ನೋಡಿದವರಿಗೆ ಇದರ ಅರ್ಥ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹೊಸ ಆಯಿಲ್ ಹಾಕಿ ಇಂಜಿನ್ ಚಾಲೂ ಮಾಡಿ ಒಂದು ಊರು ದಾಟುವುದರೊಳಗೆ ಅದು ಕಪ್ಪಾಗುತ್ತದೆ. ತಿಳಿಯಾಗಿದೆ ಎಂದರೆ ಯಾರೋ ಹಾಕಿದ್ದಾರೆ, ಹಾಕಿದ ಮೇಲೆ ಇಂಜಿನ್ ಚಾಲೂ ಆಗಿಲ್ಲ.

ಬೋಲ್ಟನ್ನು ಗಡಬಡಿಸಿ ತಿರುಗಿ ಹಾಕುವ ಮೊದಲು ಕಣ್ಣ ಹತ್ತಿರ ಹಿಡಿದೆ. ಅದಕ್ಕೆ ಹತ್ತಿ ಸುತ್ತಿತ್ತು. ಎಣ್ಣೆ ಕುಡಿದಿದ್ದರೂ ಬೆಳ್ಳಗಿತ್ತು. ಎಡಕ್ಕೆ ಸುತ್ತಿತ್ತು.

ಬೋಲ್ಟ್ ತಿರುಗಿ ಹಾಕಿ ಅಲ್ಲೇ ಮಲಗಿದ್ದೆ. ಅಂಜಿಕೆ ಆಗಲಿಲ್ಲ, ಅಳುವೂ ಬರಲಿಲ್ಲ. ನಾನು ಬರುವುದು ತಡವಾಯಿತೆಂದು ಬೇರೆ ಯಾರೋ ಕೆಲಸ ಮುಗಿಸಿ ಕೈ ಒರೆಸಿಕೊಂಡು ಹೋದಂತಿತ್ತು. ವೈನಿ ಬಂದು ಬಗ್ಗಿ ನೋಡಿ, "ಯಾಕ, ಬೋಲ್ಟ್ ಬರವಲ್ದೇನು?" ಎಂದು ಕೇಳಿದ ಮೇಲೆ ಹೊರಗೆ ಬಂದೆ. ಕೈ ತೋರಿಸಿದೆ. ಅವರು ಬೆರಳಿಗೆ ಹಚ್ಚಿ ನೋಡಿ, ಕಟ್ಟೆಯ ಮೇಲೆ ಕೂತರು.

ಆಮೇಲೆ ನನ್ನ ಸ್ವಭಾವದಂತೆ ಕಾರಣ ಹುಡುಕಲು ನಿಂತೆ. ಮೊದಲು ಹೊಳೆದದ್ದು ಎಲ್ಲಕ್ಕಿಂತ ಕೆಟ್ಟದ್ದು. ನಾನು ಬರುವುದಿಲ್ಲ ಎಂದ ಮೇಲೆ ಅಣ್ಣ ಆ ಶನಿವಾರ ಸಂಜೆ ಒಬ್ಬನೇ ಗಾಡಿಯ ಕೆಳಗೆ ಹೋಗಿರಬೇಕು. ಹಿಡಿದ ಎದೆಯಲ್ಲೇ ಬೋಲ್ಟ್ ಬಿಚ್ಚಿರಬೇಕು. ಆ ದಣಿವೇ ಅವನನ್ನು ಒಯ್ದಿರಬೇಕು.

ವೈನಿಯನ್ನು ಕೇಳಿದೆ. ಆ ಸಂಜೆ ಅವರು ಎರಡು ತಾಸು ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದರು. "ಆದರ ಅವರ ಕೈ ಸ್ವಚ್ಛ ಇದ್ದೂವೋ," ಎಂದರು. "ಆಯಿಲ್ ಮುಟ್ಟಿದ ದಿನಾ ಊಟಕ್ಕ ಕುಂಡ್ರೂಕ್ಕಿಂತ ಮೊದಲ ಸೀಗಿಪುಡಿ ತಾ ಅಂತ ಒದರತಿದ್ರು. ಅವತ್ತ ಕೇಳಲಿಲ್ಲ." ಇಳಿಸಿದ ಹಳೆಯ ಆಯಿಲನ್ನು ಅಣ್ಣ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದ, ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯಲು. ಆ ಡಬ್ಬಿ ಹಿತ್ತಲ ಮೂಲೆಯಲ್ಲಿ ಖಾಲಿ ಇತ್ತು, ತಳದಲ್ಲಿ ಧೂಳು. ಹೊಸ ಆಯಿಲ್ ಡಬ್ಬಿಯಂತೂ ಸೀಲು ಒಡೆಯದೆ ನನ್ನ ಕೈಯಲ್ಲೇ ಇತ್ತು. ಅಲ್ಲದೆ ಆಯಿಲ್ ಬದಲಿಸಿದ ಮೇಲೆ ಒಂದು ಸಲ ಗಾಡಿ ಚಾಲೂ ಮಾಡಿ ಕಿವಿಗೊಟ್ಟು ಕೇಳದೆ ಮಲಗುವ ಮನುಷ್ಯ ಅಣ್ಣನಲ್ಲ.

ಹತ್ತು ಗಂಟೆಗೆ ದಾವಲಸಾಬ್ ಕಾಕಾ ಬ್ಯಾಟರಿ ಹೊತ್ತುಕೊಂಡು ಬಂದರು. ನಾನು ಎಲ್ಲ ಹೇಳಿದೆ. ಅವರು ಆಯಿಲ್ ಅಳತೆಯ ಕಡ್ಡಿ ಎಳೆದು, ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಕಾಕಾ, ಅಣ್ಣ ಅವತ್ತ ಸಂಜೀಕ ತಾನ ಮಾಡ್ಯಾನೇನು?"

"ಇಲ್ಲ," ಎಂದರು, ತಕ್ಷಣ. "ಬ್ಯಾಟರಿ ಬಿಚ್ಚಾಕ ಬಂದ ದಿನಾ ಇದ ಕಡ್ಡಿ ಜಗ್ಗಿ ನೋಡೇನಿ. ಕರ್ರಗಿತ್ತು. ಡಾಂಬರ. ನಿಮ್ಮಣ್ಣ ಮಾಡಿಲ್ಲ ತಮ್ಮಾ, ಅದನ್ನ ತಲ್ಯಾಗಿಂದ ತೆಗಿ."

"ಹಂಗಾರ ಯಾರ ಮಾಡ್ಯಾರು?"

"ನನ್ನ ಕೇಳತಿ? ನಾ ಸುತ್ತಿದ್ರ ಬಲಕ್ಕ ಸುತ್ತತಿದ್ದೆ," ಎಂದು ಬ್ಯಾಟರಿ ಕೂರಿಸಲು ಬಗ್ಗಿದರು.

ಎರಡನೆಯ ಕಾರಣ ನನಗೆ ಹೊಳೆದದ್ದು ಅವರು ಹಾಗೆ ಬಗ್ಗಿದಾಗ. ಬ್ಯಾಟರಿ ಬಿಚ್ಚಿದ ದಿನ ವ್ಯಾನಿನ ಕೀಲಿಕೈ ಸಂಜೆಯವರೆಗೆ ಅವರ ಹತ್ತಿರವೇ ಇತ್ತು. ನಾವೆಲ್ಲ ಒಳಗೆ, ಬಂದವರ ನಡುವೆ ಇದ್ದೆವು. ಬ್ಯಾಟರಿ ಇಲ್ಲದ ಮೇಲೆ ಇಂಜಿನ್ ಚಾಲೂ ಆಗುವ ಮಾತೇ ಇಲ್ಲ. ಹನ್ನೊಂದು ವರ್ಷ ಬೈದ ಸುತ್ತನ್ನು ಅವರು ಒಂದು ಸಲ, ಬೇಕಂತಲೇ, ಎಡಕ್ಕೆ ಸುತ್ತಿರಬಹುದೇ? ಗೆಳೆಯನಿಗೆ ಒಬ್ಬ ಗ್ಯಾರೇಜಿನ ಮೇಸ್ತ್ರಿ ಸಲ್ಲಿಸಬಹುದಾದದ್ದು ಅಷ್ಟೇ ಎಂದು? ಹಾಗಿದ್ದರೆ ನನಗೆ ಹೇಳಲು ಏನಡ್ಡಿ? ಇಲ್ಲ, ಅವರು ಕಡ್ಡಿಯನ್ನು ಎಳೆದೇ ನೋಡಿರಲಿಲ್ಲವೋ? ನನ್ನ ಮುಖ ನೋಡಿ, ನನ್ನನ್ನು ಉಳಿಸಲು, ಕರ್ರಗಿತ್ತು ಎಂದುಬಿಟ್ಟರೋ?

ಅಷ್ಟರಲ್ಲಿ ಅಳ್ನಾವರದವರು ಬಂದರು. ತಿಳಿದ ಮನುಷ್ಯ. ಕೆಳಗೆ ಬಗ್ಗಿ ಪಾಟಾ ನೋಡಿದರು, ಬಾಗಿಲು ಎರಡು ಸಲ ಜಾರಿಸಿದರು, ಟಾಯರ್ ಒತ್ತಿದರು. ಕಡ್ಡಿ ಎಳೆದು ಹೆಬ್ಬೆರಳಿಗೆ ಒರೆಸಿಕೊಂಡು ಹುಬ್ಬೇರಿಸಿದರು.

"ಹೊಸಾ ಆಯಿಲ್ ಐತಲ್ರಿ. ನಿಂತ ಗಾಡಿಗೆ ಇಷ್ಟ ಮಾಡವ್ರು ಯಾರೂ ಇಲ್ಲ. ಯಾರ ಹಾಕ್ಯಾರ್ರಿ?"

ದಾವಲಸಾಬ್ ಕಾಕಾ ಕೈಯಲ್ಲಿದ್ದ ಅರಿವೆಯನ್ನು ಮಡಚತೊಡಗಿದರು. ವೈನಿ ನನ್ನನ್ನು ನೋಡಿದರು. ನನ್ನ ಬಾಯಿಂದ ಬಂತು: "ನಮ್ಮಣ್ಣ ಹಾಕ್ಯಾನ್ರಿ."

"ಛಲೋ ಮಾಡ್ಯಾರ," ಎಂದರು ಅವರು. ಕೀಲಿ ತಿರುಗಿಸಿದರು. ಹನ್ನೊಂದು ತಿಂಗಳು ನಿಂತ ಇಂಜಿನ್ ಒಂದೇ ಏಟಿಗೆ ಚಾಲೂ ಆಯಿತು. ವೈನಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ವ್ಯಾನು ಈಗ ಅಳ್ನಾವರದಲ್ಲಿದೆ. ಚೆನ್ನಾಗಿ ಓಡುತ್ತಿದೆಯಂತೆ, ಸವೆದ ಬೋಲ್ಟ್ ತೆಗೆದು ಹೊಸದು ಹಾಕಿಸಿದ್ದಾರಂತೆ. ಅವತ್ತು ನಾನು ಹೇಳಿದ ಮಾತು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ. ನಿಜವಾಗಿದ್ದರೆ, ಮತ್ತು ಅದು ಆ ಶನಿವಾರದ್ದಾಗಿದ್ದರೆ, ನಾನು ಕೊಡದ ಒಂದು ತಾಸಿಗೆ ಅಣ್ಣ ಹೋದ. ಆ ಶನಿವಾರದ್ದಲ್ಲದಿದ್ದರೆ, ಗಂಟು ಬಿಚ್ಚದೆ, ಡಬ್ಬಿಯ ಸೀಲು ಒಡೆಯದೆ ಬಂದು ಹೋದವರು ಯಾರು? ಅಂಥ ಕತೆ ಹೇಳುವವರನ್ನು ಬಿಟ್ಟು ನಾನೀಗ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ.

ಗೊತ್ತಿದ್ದರೆ ದಾವಲಸಾಬ್ ಕಾಕಾಗೇ ಗೊತ್ತಿರಬೇಕು. ಅವರಿಗೆ ವಯಸ್ಸಾಗಿದೆ, ಗ್ಯಾರೇಜಿನಲ್ಲಿ ಈಗ ಕೂತಿರುತ್ತಾರೆ ಅಷ್ಟೇ. ಇವತ್ತು ಆಣೆ ಹಾಕಿಸಿ ಕೇಳಿಯೇ ಬಿಡಬೇಕೆಂದು ಈ ಎರಡು ವರ್ಷದಲ್ಲಿ ನಾಲ್ಕು ಸಲ ಹೋಗಿದ್ದೇನೆ. ಅವರು ಸ್ಟೂಲು ಸರಿಸುತ್ತಾರೆ, ಚಹಾ ಹೇಳುತ್ತಾರೆ. ಕುಡಿದು ಎದ್ದು ಬರುತ್ತೇನೆ.