ನಲವತ್ತು ನಿಮಿಷ ಕಾಣೆಯಾದ ವಿಮಾನ

ಧೂಳು ಒರೆಸೋಣ ಎಂದು ಮೊನ್ನೆ ನಿಮ್ಮ ತಾತನ ಹೆಡ್‌ಫೋನು ಎತ್ತಿಕೊಂಡೆ. ಕಿವಿಗೆ ಒತ್ತಿಕೊಳ್ಳುವ ಕಡೆ ಇದ್ದ ಕಪ್ಪು ಸ್ಪಂಜು ಕೈಯಲ್ಲೇ ಪುಡಿಯಾಗಿ, ಹುಚ್ಚೆಳ್ಳು ಪುಡಿ ಚೆಲ್ಲಿದ ಹಾಗೆ ಮೇಜಿನ ಮೇಲೆಲ್ಲ ಉದುರಿತು. ಒರೆಸಿದಷ್ಟೂ ಮೆತ್ತಿಕೊಂಡಿತು. ಅವರು ಹೋಗಿ ಎರಡು ವರ್ಷವಾಯಿತು. ಮಾರೇನಹಳ್ಳಿಯ ಈ ಮನೆಯ ಮುಂದಿನ ಕೋಣೆಯಲ್ಲಿ ಅವರ ಕಂಪ್ಯೂಟರು, ಅದರಲ್ಲಿ ವಿಮಾನ ತಿರುಗಿಸುವ ಹಿಡಿ, ಬೆನ್ನು ಸವೆದ ಕುರ್ಚಿ ಎಲ್ಲ ಹಾಗೇ ಇವೆ. ಮಕ್ಕಳೇ, ಒಂದು ಮಾತು ನಿಮಗೆ ಹೇಳದೆ ಇಟ್ಟುಕೊಂಡಿದ್ದೆ. ಎದುರಿಗೆ ಕೂತು ಹೇಳುವಷ್ಟು ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೂ ಕಂಬದ ಮರೆ ನೋಡಿಕೊಂಡು ಕೂತವಳು ನಾನು. ಆದ್ದರಿಂದ ಬರೆಯುತ್ತಿದ್ದೇನೆ.

ತಾತ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದರು ಎನ್ನುವುದು ನಿಮಗೆ ಗೊತ್ತು. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುವ ಕೆಲಸ. ತಡವಾಗಿ ಬಂದ ಡ್ರೈವರು ಪಂಕ್ಚರ್ ಎಂದರೆ ಇವರು ಮೊದಲು ಅವನ ಅಂಗೈ ನೋಡುತ್ತಿದ್ದರಂತೆ. ಅಂಗೈ ಶುಭ್ರವಾಗಿದ್ದರೆ, "ಯಾವ ಹೋಟ್ಲಲ್ಲಿ ಪಂಕ್ಚರ್ ಹಾಕ್ಸ್ದೆ ಗುರು, ಚಟ್ನಿ ಚೆನ್ನಾಗಿತ್ತಾ?" ಎನ್ನುತ್ತಿದ್ದರಂತೆ. ಆದರೆ ವಿಮಾನ ಹತ್ತಿದ್ದು ಜೀವನದಲ್ಲಿ ಒಂದೇ ಸಲ, ನಿಮ್ಮ ಅತ್ತೆಯ ಮದುವೆಗೆ ಪುಣೆಗೆ ಹೋದಾಗ. ಕಿಟಕಿಯ ಪಕ್ಕ ಕೂತವರು ಇಳಿಯುವವರೆಗೂ ನನ್ನ ಕಡೆ ತಿರುಗಲಿಲ್ಲ.

ನಿವೃತ್ತಿಯಾದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಕಲಿತರು. ಆಟ ಎಂದರೆ ಕೋಪ ಬರುತ್ತಿತ್ತು. "ಸಿಮ್ಯುಲೇಟರ್ ಕಣೇ, ಆಟ ಅಲ್ಲ." ಆಮೇಲೆ ವರ್ಚುವಲ್ ಏರ್‌ಲೈನ್ ಎನ್ನುವ ಒಂದನ್ನು ಸೇರಿಕೊಂಡರು. ಇವರ ಹಾಗೆಯೇ ಮನೆಯಲ್ಲಿ ಕೂತು ಹಾರಿಸುವವರೆಲ್ಲ ಸೇರಿ ಮಾಡಿಕೊಂಡ ಕಂಪನಿ ಅದು. ವೇಳಾಪಟ್ಟಿ ಇದೆ, ಪೈಲಟ್ಟುಗಳಿದ್ದಾರೆ, ಬಡ್ತಿ ಇದೆ. ವಿಮಾನ ಮಾತ್ರ ಒಂದೂ ಇಲ್ಲ. ಸಂಬಳವೂ ಇಲ್ಲ. ನನಗೆ ಆಗಲೇ ಅನುಮಾನ. ವಿಮಾನವೇ ಇಲ್ಲದ ಕಂಪನಿಗೆ ಈ ಮನುಷ್ಯನಿಂದ ಏನು ಬೇಕು?

ಅನುಮಾನ ನನ್ನ ಹುಟ್ಟುಗುಣ, ಅದನ್ನು ಮುಚ್ಚಿಡುವುದಿಲ್ಲ. ಒಂದು ಮಧ್ಯಾಹ್ನ ಹೆಡ್‌ಫೋನು ಹಾಕಲು ಮರೆತಿದ್ದರು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮೆತ್ತಗೆ ಏನೋ ಹೇಳಿದಳು. ಇವರು ಅವಳು ಹೇಳಿದ್ದನ್ನೇ ಅಕ್ಷರ ಬಿಡದೆ ತಿರುಗಿ ಹೇಳಿದರು. ನಾನು ಹೇಳಿದ್ದನ್ನು ಒಂದು ದಿನವೂ ಹಾಗೆ ತಿರುಗಿ ಹೇಳಿದವರಲ್ಲ.

"ಯಾರ್ರೀ ಅವ್ಳು?"

"ಕಂಟ್ರೋಲರ್ ಕಣೇ. ಇಳಿಯೋಕೆ ಪರ್ಮಿಷನ್ ಕೊಡ್ತಾಳೆ."

"ನೀವು ಇಳಿಯೋಕೆ ಅವ್ಳ ಪರ್ಮಿಷನ್ ಯಾಕೆ? ನಿಮ್ಮನೇಲಿ ತಾನೇ ಕೂತಿರೋದು?"

ಅವರು ನಕ್ಕು ಹೆಡ್‌ಫೋನು ಹಾಕಿಕೊಂಡರು. ಎರಡು ದಿನ ನಾನು ಸಾರಿಗೆ ಉಪ್ಪು ಸರಿಯಾಗಿ ಹಾಕಲಿಲ್ಲ.

ಆಗೆಲ್ಲ ಒಂದು ಹಾರಾಟ ಮುಗಿದರೆ ಅವರೇ ಕೂತು ವರದಿ ಬರೆಯುತ್ತಿದ್ದರು. ಎಷ್ಟಕ್ಕೆ ಹೊರಟೆ, ಎಷ್ಟಕ್ಕೆ ಇಳಿದೆ, ಎಣ್ಣೆ ಎಷ್ಟು ಉಳಿಯಿತು ಎಂದು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಒಂದೇ ಬೆರಳಿನಲ್ಲಿ ಟೈಪು ಮಾಡಿ ದಾವಣಗೆರೆಗೆ ಕಳಿಸುತ್ತಿದ್ದರು. ಅಲ್ಲಿ ಮಂಜಪ್ಪ ಎನ್ನುವ ಕಾಲೇಜು ಮೇಷ್ಟ್ರು ಎಲ್ಲರ ವರದಿಯನ್ನೂ ಓದುತ್ತಿದ್ದರು. ತಪ್ಪು ಕಂಡರೆ ಫೋನು ಮಾಡುವರು. "ಏನ್ಸಾರ್, ಮಂಗಳೂರಲ್ಲಿ ಬಸ್ಸು ಹಳ್ಳಕ್ಕೆ ಇಳಿಸಿದಂಗೆ ಇಳಿಸೀರಲ್ರೀ!" ಎಂದು ಅವರು ನಗುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಡಿಕೆ ಬೆಲೆ, ನನ್ನ ಮಂಡಿನೋವು ಎಲ್ಲ ಮುಗಿದ ಮೇಲೆ "ಓಕೆ ಸಾರ್, ಪಾಸ್" ಎನ್ನುವರು. ಆ ಮೇಷ್ಟ್ರ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ಮಂಡಿನೋವು ವಿಚಾರಿಸುವವರನ್ನು ಅನುಮಾನಿಸುವುದು ಕಷ್ಟ.

ಆಮೇಲೆ ಎಲ್ಲ ವೆಬ್‌ಸೈಟಿಗೆ ಹೋಯಿತು. ಪೈಲಟ್ಟುಗಳು ನೂರಾರು ಜನರಾದರು, ಮೇಷ್ಟ್ರು ಕಣ್ಣಿನ ತೊಂದರೆಯಿಂದ ಬಿಟ್ಟರು. ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಂ ಕೂತುಕೊಂಡಿತು. ವಿಮಾನ ಎಲ್ಲಿದೆ, ಎಷ್ಟು ಎತ್ತರ, ಎಷ್ಟು ವೇಗ ಎಂದು ಅದೇ ನೋಡಿ ಅದೇ ಕಳಿಸುತ್ತದೆ. ವರದಿ ಬರೆಯುವ ಕೆಲಸವಿಲ್ಲ. ಇಳಿದ ಮರುಕ್ಷಣವೇ ಅಂಕ ಬರುತ್ತದೆ. ತಾತ ನೋಟ್‌ಬುಕ್ಕು ಬರೆಯುವುದನ್ನು ಮಾತ್ರ ಬಿಡಲಿಲ್ಲ. "ನಲವತ್ತು ವರ್ಷ ನಾನು ಬೇರೆಯವ್ರ ಟೈಮ್ ಬರ್ದೆ. ಈಗ ನನ್ ಟೈಮ್ ಇದು ಬರೀತದೆ. ಬರೀಲಿ ಬಿಡು" ಎಂದರು. ದನಿ ಸ್ವಲ್ಪ ಇಳಿದಿತ್ತು.

ಎಲ್ಲಕ್ಕಿಂತ ನನಗೆ ಸಹಿಸಲಾಗದೆ ಇದ್ದದ್ದು ಮ್ಯಾಪು. ಅದರಲ್ಲಿ ಪುಟ್ಟ ವಿಮಾನ, ಅದರ ಪಕ್ಕದಲ್ಲಿ ನಿಮ್ಮ ತಾತನ ಹೆಸರು, ಸಮುದ್ರದ ಮೇಲೆ ಇರುವೆಯ ಹಾಗೆ ಹರಿಯುವುದು. ಅದನ್ನು ಪ್ರಪಂಚದಲ್ಲಿ ಯಾರು ಬೇಕಾದರೂ ನೋಡಬಹುದಂತೆ. ಎದುರು ಮನೆಯ ಜಯಮ್ಮನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು.

"ಅಯ್ಯೋ, ಹಂಗಾದ್ರೆ ಅವ್ರು ಯಾವಾಗ ಕಿವಿ ಮುಚ್ಕೊಂಡು ಕೂತಿರ್ತಾರೆ ಅಂತ ಊರಿಗೆಲ್ಲಾ ಗೊತ್ತಾಗಲ್ವೇನ್ರೀ? ನೀವು ಅಂಗಡಿಗೆ ಹೋದಾಗ ಯಾರಾದ್ರೂ ಒಳಗೆ ನುಗ್ಗಿದ್ರೂ ಅವ್ರಿಗೆ ಕೇಳ್ಸಲ್ಲ!"

ಹಿಂದಿನ ವಾರವೇ ಚಂದ್ರಾ ಲೇಔಟಿನಲ್ಲಿ ಒಬ್ಬರ ಸರ ಕಿತ್ತುಕೊಂಡು ಹೋಗಿದ್ದರು. ಜಯಮ್ಮನ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಇದಾದ ಕೆಲವೇ ದಿನಕ್ಕೆ ಅವರ ಕ್ಯಾಪ್ಟನ್ ಪರೀಕ್ಷೆ ಬಂತು. ಬೆಂಗಳೂರಿನಿಂದ ಸಿಂಗಪುರಕ್ಕೆ, ನಿಜವಾದ ವಿಮಾನಕ್ಕೆ ಎಷ್ಟು ಹೊತ್ತೋ ಅಷ್ಟೇ ಹೊತ್ತು, ನಾಲ್ಕೂವರೆ ಗಂಟೆ ನಿಲ್ಲಿಸದೆ ಹಾರಿಸಬೇಕು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೂತರು. ಕ್ಯಾಪ್ಟನ್ ಆದರೆ ದೊಡ್ಡ ವಿಮಾನ ಕೊಡುತ್ತಾರಂತೆ, ಹೆಸರಿನ ಮುಂದೆ ನಾಲ್ಕು ಪಟ್ಟಿ ಬರುತ್ತದಂತೆ. ಡಿಪೋದಲ್ಲಿ ಕೊನೆಯವರೆಗೂ ಟೈಮ್ ಕೀಪರ್ ಆಗಿಯೇ ಇದ್ದವರಿಗೆ ಆ ನಾಲ್ಕು ಪಟ್ಟಿ ಎಷ್ಟು ಬೇಕಿತ್ತು ಎಂಬುದು ಶರಟು ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು.

ಹತ್ತೂವರೆಗೆ ಸೊಪ್ಪಿಗೆ ಹೊರಟೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಜಯಮ್ಮ ಹೇಳಿದ್ದು ನೆನಪಾಯಿತು. ನಡುಮನೆಯ ಮೂಲೆಯಲ್ಲಿ ಇಂಟರ್‌ನೆಟ್ ಡಬ್ಬಿ ಮಿಣಮಿಣ ಅನ್ನುತ್ತಿತ್ತು. ನನ್ನ ಲೆಕ್ಕ ಸರಳವಾಗಿತ್ತು. ವಿಮಾನ ಇರುವುದು ಕಂಪ್ಯೂಟರಿನಲ್ಲಿ, ಅದು ಹಾರುತ್ತಲೇ ಇರುತ್ತದೆ. ಡಬ್ಬಿ ಆರಿಸಿದರೆ ನೋಡುವವರ ಕಣ್ಣು ಮಾತ್ರ ಮುಚ್ಚುತ್ತದೆ. ಬಂದ ಮೇಲೆ ಹಾಕಿದರಾಯಿತು. ಪ್ಲಗ್ ಕಿತ್ತು, ಬಾಗಿಲು ಎಳೆದುಕೊಂಡು ಹೋದೆ. ದಂಟು ಚೆನ್ನಾಗಿರಲಿಲ್ಲ, ಇನ್ನೊಂದು ಅಂಗಡಿಗೆ ಹೋದೆ. ನಲವತ್ತು ನಿಮಿಷವಾಯಿತು. ಬಂದು ಪ್ಲಗ್ ಹಾಕಿದೆ. ಅವರು ಕುರ್ಚಿಯಲ್ಲೇ ಇದ್ದರು, ವಿಮಾನವೂ ಪರದೆಯ ಮೇಲೆ ಹಾರುತ್ತಲೇ ಇತ್ತು. ನೋಡಿ, ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಊಟಕ್ಕೆ ಬಂದಾಗ ಅವರು ಮೂಲೆಯ ಕಡೆ ಒಂದು ಸಲ ನೋಡಿದರು.

"ಎಲ್ಗಾದ್ರೂ ಹೋಗಿದ್ಯಾ?"

"ಸೊಪ್ಪಿಗೆ."

"ಹೂಂ" ಎಂದು ಕೈ ತೊಳೆದುಕೊಂಡರು.

ನಾಲ್ಕು ದಿನ ಬಿಟ್ಟು, ಪೇಪರು ಮಡಿಸುತ್ತಾ, "ಸಿಂಗಪುರದ್ದು ಒಪ್ಲಿಲ್ಲ ಕಣೇ" ಎಂದರು. ಬಂಗಾಳ ಕೊಲ್ಲಿಯ ಮೇಲೆ ವಿಮಾನ ಕಾಣೆಯಾಗಿ, ನಲವತ್ತು ನಿಮಿಷದ ಮೇಲೆ ಎಲ್ಲೋ ಮುಂದೆ ಕಾಣಿಸಿಕೊಂಡಿತಂತೆ. ಮಧ್ಯದ ದಾರಿ ಹಾರಿಸಲೇ ಇಲ್ಲ, ಹಾಗೇ ದಾಟಿಸಿದ್ದಾರೆ ಎಂದು ವೆಬ್‌ಸೈಟಿನ ಅನುಮಾನ. ಆ ನಲವತ್ತು ನಿಮಿಷ ಯಾವುದೆಂದು ನನಗೆ ತಕ್ಷಣ ಗೊತ್ತಾಯಿತು. ಬಾಯಿಂದ ಬಂದದ್ದು ಬೇರೆ ಮಾತು. "ನಾನು ಮೊದ್ಲೇ ಹೇಳಿರ್ಲಿಲ್ವಾ, ಅವ್ರನ್ನೆಲ್ಲಾ ನಂಬ್ಬೇಡಿ ಅಂತ?" ಅಷ್ಟು ಸಾಲದೆ ಸಂಜೆಯವರೆಗೂ ಆ ಕಂಪನಿಯನ್ನು ಬೈದೆ.  ಆಮೇಲೆ ಅವರು ಚಿಕ್ಕ ವಿಮಾನಗಳನ್ನೇ ಹಾರಿಸುತ್ತಿದ್ದರು, ಮೈಸೂರಿಗೆ, ಹುಬ್ಬಳ್ಳಿಗೆ. ಕ್ಯಾಪ್ಟನ್ ಮಾತು ಎತ್ತಲಿಲ್ಲ. ಬಿಳಿ ಶರಟು ಮದುವೆಗಳಿಗೆ ಬಳಕೆಯಾಯಿತು. ಒಂದು ವರ್ಷದ ಮೇಲೆ ಅವರೇ ಹೋಗಿಬಿಟ್ಟರು. ನಾನು ಹೇಳಲಿಲ್ಲ.

ನಿಮ್ಮಲ್ಲಿ ದೊಡ್ಡವಳು ಪಲ್ಲವಿ ಈ ಭಾನುವಾರ ಬಂದಿದ್ದಳು. ಸ್ಪಂಜಿನ ಪುಡಿ ನೋಡಿ, ಕಂಪ್ಯೂಟರು ಇನ್ನೂ ನಡೆಯುತ್ತದೆಯೋ ಇಲ್ಲವೋ ಎಂದು ಹಾಕಿದಳು. ತಾತನ ಹೆಸರಿಗೆ ಆ ಕಂಪನಿಯಿಂದ ಒಂದು ಪತ್ರ ಬಂದಿತ್ತು. ಹಳೆಯ ವೆಬ್‌ಸೈಟು ಮುಚ್ಚುತ್ತಾರಂತೆ. ತಿರಸ್ಕರಿಸಿದ ಹಾರಾಟಗಳ ಬಗ್ಗೆ ಪೈಲಟ್ಟೋ ಮನೆಯವರೋ ಹೇಳುವುದಿದ್ದರೆ ಈ ತಿಂಗಳೊಳಗೆ ಹೇಳಬೇಕು, ಆಮೇಲೆ ಅಳಿಸಿಬಿಡುತ್ತಾರೆ ಎಂದಿತ್ತು. ನಾನು ಬಾಗಿಲಲ್ಲೇ ನಿಂತು, ಗೋಡೆಯ ಕಡೆ ನೋಡುತ್ತಾ, ಪ್ಲಗ್ಗಿನ ವಿಷಯವನ್ನು ಅವಳಿಗೆ ಹೇಳಿಬಿಟ್ಟೆ.

"ಅಯ್ಯೋ ಅಜ್ಜಿ! ಕರೆಂಟ್ ಹೋಯ್ತು ಅಂತ ತಾತ ಒಂದ್ ಟಿಕ್ ಹಾಕಿದ್ರೆ ಪಾಸ್ ಮಾಡಿರೋರು. ಇರಿ, ಏನ್ ಹಾಕಿದಾರೆ ನೋಡ್ತೀನಿ."

ಪರೀಕ್ಷೆಯ ದಿನವೇ ಕಾರಣ ಕೇಳಿ ವೆಬ್‌ಸೈಟು ತಾತನಿಗೆ ಒಂದು ಪಟ್ಟಿ ಕೊಟ್ಟಿತ್ತು. ಕರೆಂಟ್ ಹೋಯಿತು, ಲೈನ್ ಕೆಟ್ಟಿತು, ನಾನೇ ಸಂಪರ್ಕ ತೆಗೆದೆ, ಇತರೆ. ತಾತ ಮೂರನೆಯದಕ್ಕೆ ಟಿಕ್ ಹಾಕಿದ್ದರು. ಕೆಳಗೆ ಕನ್ನಡದಲ್ಲಿ ಒಂದೇ ಸಾಲು. ಪಲ್ಲವಿ ಓದಿದಳು: "ಕಾರಣ ಮನೆಯ ವಿಷಯ."

 ಕರೆಂಟ್ ಹೋಗಿರಲಿಲ್ಲ, ಹೋಯಿತು ಎಂದು ಬರೆಯುವ ಮನುಷ್ಯ ಅವರಲ್ಲ. ಹೆಂಡತಿ ಕಿತ್ತಳು ಎಂದು ಊರೆಲ್ಲ ನೋಡುವ ಜಾಗದಲ್ಲಿ ಬರೆಯಲೂ ಅವರಿಂದ ಆಗಲಿಲ್ಲ. ಮಂಜಪ್ಪ ಮೇಷ್ಟ್ರು ಇದ್ದಿದ್ದರೆ ಫೋನು ಮಾಡಿ, "ಏನ್ರೀ ಸಾರ್ ಮನೆ ವಿಷಯ?" ಎಂದು ಕೇಳಿ, ನಕ್ಕು, ಪಾಸ್ ಮಾಡುತ್ತಿದ್ದರು. ವೆಬ್‌ಸೈಟಿಗೆ ಟಿಕ್ ಸಾಕಾಯಿತು. ಮೋಸ ಮಾಡಿದ್ದೇನೆ ಎಂದು ಅವರೇ ಒಪ್ಪಿಕೊಂಡ ಹಾಗೆ ಬರೆದುಕೊಂಡುಬಿಟ್ಟಿತು. ಅದರ ಮೇಲೆ ನನಗಿದ್ದ ಅನುಮಾನ ಇವತ್ತಿಗೂ ಹೋಗಿಲ್ಲ. ಆದರೆ ಕಂಟ್ರೋಲರ್ ಹುಡುಗಿಯಿಂದ ಹಿಡಿದು ಸರಗಳ್ಳನವರೆಗೆ ಎಲ್ಲರನ್ನೂ ಅನುಮಾನಿಸಿದ ನನಗೆ, ಎದುರಿಗೆ ಕೂತು ಉಣ್ಣುತ್ತಿದ್ದವರಿಗೆ ಎಲ್ಲ ಗೊತ್ತಿರಬಹುದು ಎಂಬ ಅನುಮಾನ ಮಾತ್ರ ಬರಲಿಲ್ಲ. ಅವರು ಆ ವರ್ಷವೆಲ್ಲ ನಾನೇ ಹೇಳಲಿ ಎಂದು ಕಾದರೋ, ಹೇಳದಿದ್ದರೂ ಸರಿ ಎಂದುಕೊಂಡರೋ, ಇನ್ನು ಯಾರನ್ನು ಕೇಳಲಿ?

"ಏನ್ ಮಾಡ್ಲಿ ಅಜ್ಜಿ? ಬಿಟ್ಬಿಡೋಣ್ವಾ? ಅಳ್ಸಿದ್ರೆ ಅಳಿಸ್ಕೊಳ್ಲಿ."

"ಬೇಡ. ಬರಿ."

"ನಿಮ್ ಹೆಸ್ರು ಕೇಳ್ತಿದೆ, ಫೋನ್ ನಂಬರ್ ಕೇಳ್ತಿದೆ. ನೀವು ಕೊಡಲ್ವಲ್ಲ!"

ನಿಜ. ಅಂಗಡಿಯ ಬಿಲ್ಲಿಗೆ ನಂಬರು ಕೇಳಿದರೂ ಕೊನೆಯ ಅಂಕಿ ಬದಲಾಯಿಸಿ ಹೇಳುವವಳು ನಾನು. ಅವತ್ತು ಪೂರ್ತಿ ಹೆಸರು ಹೇಳಿದೆ, ಸರಿಯಾದ ನಂಬರು ಹೇಳಿದೆ. ಆಮೇಲೆ ಒಂದೊಂದೇ ಮಾತು ಹೇಳುತ್ತಾ ಹೋದೆ, ಪಲ್ಲವಿ ಟೈಪು ಮಾಡಿದಳು. ಪ್ಲಗ್ ತೆಗೆದವಳು ನಾನು, ಅವರ ಹೆಂಡತಿ. ಸೊಪ್ಪು ತರಲು ಹೋಗುವಾಗ ತೆಗೆದೆ, ಬಂದು ಹಾಕಿದೆ. ಅವರಿಗೆ ಗೊತ್ತಿತ್ತು, ನನ್ನ ಹೆಸರು ಹೇಳಲಿಲ್ಲ.

"ಇಷ್ಟು ಸಾಕಾ ಅಜ್ಜಿ? ಕಳಿಸ್ಲಾ? ಇದನ್ನ ಮನುಷ್ಯರು ಓದ್ತಾರೋ, ಅದೇ ಓದ್ಕೊಂಡು ಅದೇ ಉತ್ರ ಕೊಡುತ್ತೋ, ನಂಗೂ ಗೊತ್ತಿಲ್ಲ."

"ಯಾರಾದ್ರೂ ಓದ್ಲಿ. ಇನ್ನೊಂದು ಸಾಲು ಹಾಕು" ಎಂದೆ. ನನ್ನ ದನಿ ಬೀದಿಗೆ ಕೇಳುವಷ್ಟು ಜೋರಾಗಿತ್ತು. "ಸಿಂಗಪುರದವರೆಗೂ ಅವ್ರೇ ಹಾರಿಸಿದಾರೆ. ನಾನು ಸಾಕ್ಷಿ."